ಗಾಳಿಬುರುಜಿನ ಸಲಾಮು

ಮುಹರ್ರಕ್,
೨೩ ಆಗಸ್ಟ್ ೧೯೮೬

ಪ್ರೀತಿಯ ಮುಹನ್ನಾ ಅಣ್ಣನಿಗೆ,

ನಿನ್ನ ತಂಗಿ ಸಬೀಕಾಳ ಸಲಾಮು. ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹೋದ ಚಳಿಗಾಲದಲ್ಲಿ ಪಕ್ಕದ ಮನೆಯ ಯೂಸುಫನ ಕೈಯಲ್ಲಿ ಕಳಿಸಿದ ಎಣ್ಣೆಯನ್ನು ಹಚ್ಚಿಕೊಂಡೆಯೋ, ವಾಸನೆ ಎಂದು ಮೂಗು ಮುರಿದು ಸಮುದ್ರಕ್ಕೆ ಸುರಿದೆಯೋ? ಹಡಗಿನ ವೈರ್‌ಲೆಸ್ ಕೋಣೆಯಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತರೆ ಊಟದ ನೆನಪೂ ಇರುವುದಿಲ್ಲ ಎಂದು ಯೂಸುಫ್ ಬಂದು ದೂರು ಹೇಳಿದ್ದ. ಹೊತ್ತು ಹೊತ್ತಿಗೆ ತಿನ್ನು. ನಿನ್ನ ಕೊನೆಯ ಕಾಗದ ಬಂದದ್ದು ರಂಜಾನಿಗೆ ಮುಂಚೆ. ಆಮೇಲೆ ಎರಡು ಹಬ್ಬ ಕಳೆದವು. ಎರಡು ಹಬ್ಬಕ್ಕೂ ನಿನ್ನ ಕಾಗದ ಬಾರದೆ ಇದ್ದದ್ದು ಇದೇ ಮೊದಲು. ದಿನಾ ಸಂಜೆ ಟಿವಿಯಲ್ಲಿ ವಾರ್ತೆಯವನು ಕೊಲ್ಲಿಯ ಯುದ್ಧದಲ್ಲಿ ಇಂದು ಮತ್ತೊಂದು ಹಡಗಿಗೆ ಬೆಂಕಿ ಬಿತ್ತು ಎನ್ನುತ್ತಾನೆ. ಹಡಗಿನ ಹೆಸರು ಹೇಳುವುದಿಲ್ಲ, ಯಾವ ದೇಶದ ಬಾವುಟ ಎಂದು ಹೇಳಿ ಮುಂದಿನ ಸುದ್ದಿಗೆ ಹೋಗುತ್ತಾನೆ. ಅಣ್ಣಾ, ನನಗೆ ಉಡುಗೊರೆ ಬೇಡ, ದುಡ್ಡು ಬೇಡ. ನೀನು ಇದ್ದೀಯ ಎಂದು ನಿನ್ನ ಕೈಬರಹದಲ್ಲಿ ಒಂದು ಸಾಲು ಬಂದರೆ ಸಾಕು. ಇದನ್ನು ಕರಾಚಿಯಲ್ಲಿರುವ ನಿನ್ನ ಹಡಗಿನ ಏಜೆಂಟರ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಯೂಸುಫ್ ಇವತ್ತೇ ಅಲ್ಲಿಗೆ ಹೊರಡುತ್ತಾನಂತೆ, ಅವನೇ ಕೊಂಡೊಯ್ದು ಕೊಡುತ್ತಾನೆ.

ಇಲ್ಲಿ ಎಲ್ಲರೂ ಕ್ಷೇಮ. ಮಗಳು ನೂರಾ ನನ್ನ ಎತ್ತರಕ್ಕೆ ಬೆಳೆದಿದ್ದಾಳೆ, ನಾಲಿಗೆ ಮಾತ್ರ ನಿನ್ನಷ್ಟೇ ಉದ್ದ. ನಿನ್ನ ಭಾವಮೈದುನ ಈಸಾನ ಹೊಟ್ಟೆ ಅವನಿಗಿಂತ ಮೊದಲೇ ಮನೆಯೊಳಗೆ ಬರುತ್ತದೆ. ನನಗೆ ಸ್ವಲ್ಪ ಕೆಮ್ಮು. ಹೆದರಬೇಡ, ಧೂಳಿನ ಕೆಮ್ಮು ಅಷ್ಟೇ. ಬಂದಾಗೆಲ್ಲ ಅಂಗಳಕ್ಕೆ ಓಡಿ ಹೋಗಿ ಕೆಮ್ಮಿ ಬರುತ್ತೇನೆ. ಮನೆಯೊಳಗೆ ಕೆಮ್ಮಿದರೆ ಯಾರು ಬೇಡ ಅಂತಾರೆ ಎಂದು ಈಸಾ ನಗುತ್ತಾನೆ. ಅವನಿಗೆ ಏನು ಗೊತ್ತು. ಅಮ್ಮನ ಮಂಡಿ ಸೋತಿದೆ. ಮೆಟ್ಟಿಲು ಹತ್ತುವುದಕ್ಕೆ ಆಗುವುದಿಲ್ಲ, ಮೇಲಿನ ಕೋಣೆಯ ಏಸಿಯೂ ಕೆಟ್ಟಿದೆ. ಅಮ್ಮನ ಮಂಚವನ್ನು ಕೆಳಗೆ ಅಜ್ಜಿಯ ಕೋಣೆಗೆ ಹಾಕೋಣ ಎಂದು ಈಸಾ ವಾರದಿಂದ ಹೇಳುತ್ತಿದ್ದಾನೆ. ನಾನು ಒಂದಲ್ಲ ಒಂದು ನೆಪ ಹೇಳಿ ಮುಂದಕ್ಕೆ ತಳ್ಳುತ್ತಿದ್ದೇನೆ. ಗೋಡೆಗೆ ಸುಣ್ಣ ಬಳಿಯಬೇಕು ಎಂದೆ, ಇಲಿ ಇದೆ ಎಂದೆ. ನಿನಗೆ ಗೊತ್ತಲ್ಲ, ಅಮ್ಮನೂ ಈಗ ಅಜ್ಜಿಯ ಹಾಗೆಯೇ ಆಗಿದ್ದಾಳೆ. ವಾರ್ತೆಯವನು ಸಲಾಮು ಹೇಳಿದರೆ ಕೈಯಲ್ಲಿರುವ ಕೆಲಸ ಬಿಟ್ಟು ಉತ್ತರ ಕೊಡುತ್ತಾಳೆ. ಯಾರದ್ದೇ ಆಗಲಿ, ಸಲಾಮನ್ನು ಗಾಳಿಯಲ್ಲಿ ನೇತುಬಿಡಬಾರದು ಎಂದು ನೂರಾಳಿಗೂ ಬುದ್ಧಿ ಹೇಳುತ್ತಾಳೆ.

ಅಣ್ಣಾ, ನಾನು ಇವತ್ತು ನಮ್ಮ ಮೊದಲ ಟಿವಿಯ ವಿಷಯ ಬರೆಯಬೇಕೆಂದು ಕೂತಿದ್ದೇನೆ. ಆ ಸಂಜೆಯ ಮಾತನ್ನು ನಾವಿಬ್ಬರೂ ಇಷ್ಟು ವರ್ಷ ಒಂದೇ ಒಂದು ಸಲವೂ ಎತ್ತಲಿಲ್ಲ. ಅದರ ಹತ್ತಿರ ಬಂದರೆ ನೀನು ನಕ್ಕು ಮಾತು ತಿರುಗಿಸುತ್ತಿದ್ದೆ, ನಾನೂ ಸುಮ್ಮನಿದ್ದುಬಿಡುತ್ತಿದ್ದೆ. ಆದರೆ ನೀನು ಬಹಳ ಹೊತ್ತು ಮಾಳಿಗೆಯ ಮೇಲಿರುತ್ತಿದ್ದವನು, ಕೆಳಗೆ ಕೋಣೆಯಲ್ಲಿ ಅಜ್ಜಿಯ ಪಕ್ಕ ಕೂತಿರುತ್ತಿದ್ದವಳು ನಾನು. ಕೆಳಗೆ ಏನೇನಾಯಿತು ಎಂಬುದು ನಿನಗೆ ಪೂರ್ತಿ ಗೊತ್ತಿಲ್ಲ. ಈಗ ಗೊತ್ತಾಗಬೇಕು. ಯಾಕೆ ಎಂದು ಕೊನೆಗೆ ಹೇಳುತ್ತೇನೆ, ಬೈಯದೆ ಓದು.

ಅಪ್ಪ ರಿಫೈನರಿಯ ಕೆಲಸದಿಂದ ಬರುವಾಗ ಕತ್ತೆಗಾಡಿಯಲ್ಲಿ ಆ ಪೆಟ್ಟಿಗೆಯನ್ನು ತಂದ ದಿನ ಓಣಿಯ ಜನವೆಲ್ಲ ಹಿಂದೆ ಬಂದಿದ್ದರು. ನಮ್ಮ ದ್ವೀಪಕ್ಕೆ ಆಗ ಸ್ವಂತ ಸ್ಟೇಷನ್ ಎಲ್ಲಿತ್ತು? ಸಮುದ್ರದ ಆಚೆ ದಹ್ರಾನಿನಿಂದ ಎಣ್ಣೆ ಕಂಪನಿಯವರು ಬಿಡುವ ಚಿತ್ರ ನೀರು ದಾಟಿ ನಮ್ಮ ಮನೆಗೆ ಬರಬೇಕು. ಹಸಿಗಾಳಿ ಬೀಸಿ ಬಟ್ಟೆ ಮೈಗೆ ಅಂಟುವ ದಿನಗಳಲ್ಲಿ ಇನ್ನೂ ಎಲ್ಲೆಲ್ಲಿಯದೋ ಊರಿನ ಮುಖಗಳು ಅದರ ಮೇಲೆ ಬಂದು ಕೂರುತ್ತಿದ್ದವು. ಒಬ್ಬನ ಮುಖದ ಹಿಂದೆ ಇನ್ನೊಬ್ಬ ತುಟಿ ಆಡಿಸುತ್ತಿದ್ದ. ಅಮೆರಿಕದ ಕುದುರೆ ಸವಾರರು ಅಚ್ಚ ಅರಬ್ಬಿಯಲ್ಲಿ ಜಗಳವಾಡುತ್ತಿದ್ದರು. ಅಜ್ಜಿಗೆ ಆ ಜಗಳ ಬೇಕಿರಲಿಲ್ಲ. ಪಾಪ ಆ ಕುದುರೆಗೆ ಯಾರಾದರೂ ನೀರು ಕುಡಿಸಿದರೋ ಇಲ್ಲವೋ ಎಂಬುದೊಂದೇ ಅವಳ ಚಿಂತೆ. ಆದರೆ ವಾರ್ತೆಯವನು ಬಂದರೆ ಮನೆಗೆ ಪರಗಂಡಸು ಬಂದ ಲೆಕ್ಕ. ಅಜ್ಜಿ ಗಡಬಡಿಸಿ ಎದ್ದು ಮುಖಕ್ಕೆ ಬತ್ತೂಲಾ ಕಟ್ಟಿಕೊಳ್ಳುತ್ತಿದ್ದಳು. ಆ ಮುಖಮುಸುಕಿಗೆ ಹಾಕಿದ ನೀಲಿ ಬಣ್ಣ ಅವಳ ಮೂಗಿನ ಮೇಲೆ ಶಾಶ್ವತವಾಗಿ ಇಳಿದುಬಿಟ್ಟಿತ್ತು. ನಾವು ಅವನನ್ನು ನೋಡುತ್ತೇವೆ ಎಂದ ಮೇಲೆ ಅವನಿಗೂ ನಾವು ಕಾಣಲೇಬೇಕು, ಎದುರು ಬದುರು ಕೂತವರಲ್ಲಿ ಒಬ್ಬರು ಮಾತ್ರ ನೋಡುವುದು ಹೇಗೆ ಸಾಧ್ಯ ಎಂದು ಅವಳ ವಾದ. ಅವನು ಸಲಾಮು ಹೇಳಿದರೆ ಇವಳು ಪೂರ್ತಿ ಉತ್ತರ ಕೊಡುತ್ತಿದ್ದಳು, ಮುಂದೆ ಕಾಫಿಯ ಬಟ್ಟಲೂ ಇಡುತ್ತಿದ್ದಳು. ಆರಿದ ಮೇಲೆ ಆ ಕಾಫಿ ಕುಡಿಯುತ್ತಿದ್ದವನು ನೀನು.

ತಮಾಷೆ ಶುರುವಾದದ್ದು ನಿನ್ನಿಂದಲೂ ಅಲ್ಲ, ನನ್ನಿಂದಲೂ ಅಲ್ಲ, ಆ ಗಾಳಿಬುರುಜಿನಿಂದ. ಮಾಳಿಗೆಯ ಮೇಲಿನ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುವ ಅದರ ಬಾಯಿ ಅಜ್ಜಿಯ ಕೋಣೆಯ ಗೋಡೆಯಲ್ಲಿತ್ತು. ತಂಪಾಗಿರಲಿ ಎಂದು ಅಪ್ಪ ಟಿವಿಯನ್ನು ಅದರ ಕೆಳಗೇ ಇಟ್ಟಿದ್ದ. ಚಿತ್ರ ಅಲುಗಾಡಿದರೆ ನೀನು ಮೇಲೆ ಹತ್ತಿ ಆಂಟೆನಾದ ಕಂಬ ತಿರುಗಿಸಬೇಕು, ನಾನು ಪೆಟ್ಟಿಗೆಯ ಮುಂದೆ ಕೂತು ಹೇಳಬೇಕು. ಒಂದು ಸಂಜೆ ನೀನು ಅಂಗಳಕ್ಕೆ ಕೂಗುವ ಬದಲು ಬುರುಜಿನ ಕಂಡಿಗೆ ಬಾಯಿಟ್ಟು "ಬಂತಾ?" ಎಂದೆ. ಅದೇ ಹೊತ್ತಿಗೆ ವಾರ್ತೆಯವನೂ ಬಾಯಿ ತೆರೆದಿದ್ದ. ಅಜ್ಜಿ ಬತ್ತೂಲಾ ಸರಿಮಾಡಿಕೊಂಡು ಅವನಿಗೇ ಹೇಳಿದಳು, "ಬಂತಪ್ಪಾ, ಚೆನ್ನಾಗಿ ಕಾಣ್ತಿದ್ದೀಯ." ನಾನು ನಕ್ಕು ನಕ್ಕು ಚಾಪೆಯ ಮೇಲೆ ಉರುಳಿದ್ದೆ. ಮರುದಿನದಿಂದ ನಮ್ಮ ಏರ್ಪಾಡು ಪಕ್ಕಾ ಆಯಿತು. ನಾನು ಗುಂಡಿ ತಿರುಗಿಸಿ ಪೆಟ್ಟಿಗೆಯ ದನಿ ಅಡಗಿಸಬೇಕು, ಒಂದು ಸಲ ಕೆಮ್ಮಬೇಕು. ಕೆಮ್ಮಿದರೆ ನೀನು ಶುರುಮಾಡಬೇಕು. ಹದಿಮೂರು ವರ್ಷಕ್ಕೇ ನಿನ್ನ ಗಂಟಲು ಒಡೆದು ಗಂಡಸಿನ ದನಿಯಾಗಿತ್ತು. "ರಾಶಿದನ ತಾಯೀ, ಕಾಫಿಗೆ ಏಲಕ್ಕಿ ಸ್ವಲ್ಪ ಜಾಸ್ತಿ ಆಯ್ತು" ಎಂದು ನೀನು ಅಪ್ಪನ ಹೆಸರು ಹಿಡಿದು ಗಂಭೀರವಾಗಿ ಹೇಳಿದ ದಿನ ಅಜ್ಜಿ ನಾಚಿ ನೀರಾದಳು. ಮೊಮ್ಮಕ್ಕಳಿಗೆ ಹಲ್ವಾ ಕೊಡಿ ಎಂದು ವಾರ್ತೆಯವನು ಶಿಫಾರಸು ಮಾಡಿದ ಮೇಲಂತೂ ಆ ತಿಂಗಳು ನಾವು ತಿಂದ ಹಲ್ವಾಕ್ಕೆ ಮಿತಿಯೇ ಇರಲಿಲ್ಲ. ಅಡುಗೆಮನೆಯಲ್ಲಿದ್ದ ಅಮ್ಮನಿಗೆ, ಅತ್ತೆ ಯಾರ ಜೊತೆ ಇಷ್ಟು ಹೊತ್ತು ಮಾತಾಡುತ್ತಾಳೆ ಎಂಬ ಅನುಮಾನ ಬಂದರೂ ಅವಳು ಒಲೆ ಬಿಟ್ಟು ಏಳುತ್ತಿರಲಿಲ್ಲ.

ನಗು ಎಲ್ಲಿ ನಿಂತಿತು ಗೊತ್ತೇ? ನಿನಗೆ ಮೇಲಿನಿಂದ ಅವಳ ಮಾತು ಮಾತ್ರ ಕೇಳಿಸಿತು, ಮುಖ ಕಾಣಿಸಲಿಲ್ಲ. ಆ ಸಂಜೆ ಅಜ್ಜಿ ಪೆಟ್ಟಿಗೆಯ ಹತ್ತಿರ ಸರಿದು ಕೂತಳು. ಬತ್ತೂಲಾದ ಸಂದಿಯಲ್ಲಿ ಅವಳ ಕಣ್ಣು ಹಸಿಯಾಗಿತ್ತು. ನೀವು ಊರೂರಿನ ಸುದ್ದಿ ಬಲ್ಲವರು ಎಂದು ವಾರ್ತೆಯವನಿಗೆ ಬಹಳ ಮರ್ಯಾದೆಯಿಂದ ಹೇಳಿ, ಆಮೇಲೆ ದನಿ ತಗ್ಗಿಸಿದಳು. "ಗಾನಿಮ್ ಅಂತ. ನನ್ನ ಯಜಮಾನ. ಮುತ್ತಿನ ದೋಣಿಗೆ ಹೋಗಿದ್ದ. ನಮ್ಮ ರಾಶಿದ್ ಆಗಿನ್ನೂ ತೊಟ್ಟಿಲಲ್ಲಿದ್ದ. ಅವನ ಸುದ್ದಿ ಏನಾದ್ರೂ ನಿಮ್ಮ ಕಿವಿಗೆ ಬಿತ್ತಾ?" ಇಷ್ಟೇ ಕೇಳಿದ್ದು. ನಮ್ಮ ಅಜ್ಜ ಹೋದ ದೋಣಿಯ ಒಂದು ಹಲಗೆಯೂ ದಡಕ್ಕೆ ಬರಲಿಲ್ಲವಂತೆ. ಆ ವರ್ಷ ಹೆಂಗಸರೆಲ್ಲ ಖರ್ಜೂರದ ಗರಿಗೆ ಬೆಂಕಿ ಹಚ್ಚಿ ಸಮುದ್ರಕ್ಕೆ ಬರೆ ಹಾಕಿ, ನಮ್ಮ ಗಂಡಸರನ್ನು ಬಿಡು ಎಂದು ಬೈದು ಬಂದರಂತೆ. ಸಮುದ್ರ ಬಿಡಲಿಲ್ಲ. ಖಾಜಿಯ ಹತ್ತಿರ ಹೋಗಿ ಗಂಡ ಇಲ್ಲವೆಂದು ಬರೆಸಿಕೋ ಎಂದು ನೆಂಟರು ಹೇಳಿದರೆ, ಶವ ಕಂಡವರು ಯಾರು ಎಂದು ಅಜ್ಜಿ ಬಾಗಿಲು ಹಾಕಿದಳು. ವಿಧವೆ ಕೂರುವ ಇದ್ದತ್ತನ್ನು ಅವಳು ಕೂರಲೇ ಇಲ್ಲ. ಹೆಂಡತಿಯೂ ಅಲ್ಲದೆ ವಿಧವೆಯೂ ಅಲ್ಲದೆ ಅಷ್ಟು ವರ್ಷ ಕಳೆದಳು.

ನಾನು ಎರಡನೆಯ ಸಲ ಕೆಮ್ಮಿದೆ, ಏನಾದರೂ ಹೇಳು ಎಂದು. ಆಗ ನೀನು ಹೇಳಿದೆ, "ಇದ್ದಾರೆ, ರಾಶಿದನ ತಾಯೀ. ಬರ್ತಾರೆ." ಇಲ್ಲ ಎನ್ನುವುದಕ್ಕೆ ನಿನಗೆ ಬಾಯಿ ಬರಲಿಲ್ಲ. ಹದಿಮೂರರ ಹುಡುಗ, ಇನ್ನೇನು ತಾನೇ ಹೇಳಬಲ್ಲೆ? ಅದಕ್ಕೆ ನಾನು ನಿನ್ನನ್ನು ಒಂದು ದಿನವೂ ದೂರಿಲ್ಲ, ನೀನೇ ನಿನ್ನನ್ನು ದೂರಿಕೊಂಡಿರುವೆ. ಅಲ್ಲಿಂದ ಮುಂದೆ ಅದು ತಮಾಷೆಯಾಗಿ ಉಳಿಯಲಿಲ್ಲ. ದಿನಾ ಸಂಜೆ ಅಜ್ಜಿ ಕೇಳುವುದು, ದಿನಾ ನೀನು ಒಂದೊಂದು ಸುದ್ದಿ ಹುಟ್ಟಿಸುವುದು. ಬಸರಾದಲ್ಲಿದ್ದಾರೆ, ಕಾಲು ಸ್ವಲ್ಪ ನೋವಂತೆ, ಹಡಗಿಗೆ ಕಾಯುತ್ತಿದ್ದಾರಂತೆ. ಮೇಲಿನಿಂದ ಇಳಿದು ಬಂದಾಗ ನಿನ್ನ ಮುಖ ಬಿಳಿಚಿರುತ್ತಿತ್ತು. ನಾಳೆ ನಾನು ಹತ್ತುವುದಿಲ್ಲ ಎನ್ನುತ್ತಿದ್ದೆ. ಆದರೆ ಸಂಜೆಯಾದರೆ ಅಜ್ಜಿ ತಾನೇ ಬಂದು, ಮುಹನ್ನಾ, ಕಂಬ ನೋಡಪ್ಪಾ, ಇವತ್ತು ಸುದ್ದಿ ಸರಿಯಾಗಿ ಕೇಳಬೇಕು ಎಂದು ನಿನ್ನ ಬೆನ್ನು ಸವರಿ ಕಳಿಸುತ್ತಿದ್ದಳು. ಅಜ್ಜಿ ಗೋರಂಟಿ ಹಚ್ಚಿಕೊಂಡಳು. ಟ್ರಂಕಿನ ತಳದಿಂದ ಬಿಳಿ ಬಟ್ಟೆ ತೆಗೆದು ಗಂಡಸಿನ ಅಳತೆಯ ಉದ್ದಂಗಿ ಹೊಲಿದಳು. ಅಳತೆ ಇನ್ನೂ ನೆನಪಿದೆಯೇ ಎಂದು ಅಮ್ಮ ಕೇಳಿದ್ದಕ್ಕೆ ತನ್ನ ಕೈಯನ್ನು ತಲೆಯಿಂದ ಒಂದು ಗೇಣು ಮೇಲಕ್ಕೆ ಎತ್ತಿ ತೋರಿಸಿ ನಕ್ಕಳು.

ಕೊನೆಗೆ ಒಂದು ಸಂಜೆ ನೀನು ಮಾಳಿಗೆ ಹತ್ತಲಿಲ್ಲ. ಇವತ್ತು ಎಲ್ಲಾ ಹೇಳಿಬಿಡುತ್ತೇನೆ, ಹೊಡೆದರೆ ಹೊಡೆಯಲಿ ಎಂದು ನನ್ನ ಕಿವಿಯಲ್ಲಿ ಹೇಳಿ ಒಳಗೆ ಬಂದು ನನ್ನ ಪಕ್ಕದಲ್ಲೇ ಕೂತೆ. ಮಗ್ರಿಬ್ ನಮಾಜು ಆಗಷ್ಟೇ ಮುಗಿದಿತ್ತು. ಅಪ್ಪನಿಗೆ ಆ ದಿನ ಪಾಳಿ. ಅಮ್ಮ ಒಲೆಯ ಮುಂದಿದ್ದಳು, ಅವಳು ಪಾತ್ರೆ ಇಡುವ ಸದ್ದು ನಮಗೆ ಕೇಳಿಸುತ್ತಿತ್ತು. ಹಸಿಗಾಳಿಯ ದಿನ, ಬುರುಜಿನಿಂದ ಗಾಳಿಯೇ ಇಳಿಯುತ್ತಿರಲಿಲ್ಲ, ಗೋಡೆಗೆ ಕೈ ಇಟ್ಟರೆ ಒದ್ದೆ. ವಾರ್ತೆಯವನು ಬಂದ. ಅಜ್ಜಿ ಬತ್ತೂಲಾ ಕಟ್ಟಿಕೊಂಡಳು. ನೀನು "ಅಜ್ಜೀ" ಎಂದು ಬಾಯಿ ತೆರೆದೆ. ಆಗ ಪೆಟ್ಟಿಗೆಯ ದನಿ ನಿಂತುಹೋಯಿತು. ನಾನು ಗುಂಡಿ ಮುಟ್ಟಿರಲಿಲ್ಲ ಅಣ್ಣಾ, ನನ್ನ ಎಡಗೈ ನಿನ್ನ ಕೈಯಲ್ಲಿತ್ತು, ಬಲಗೈ ನನ್ನ ಮಡಿಲಲ್ಲಿತ್ತು. ನಾನು ಕೆಮ್ಮಿಯೂ ಇರಲಿಲ್ಲ. ವಾರ್ತೆಯವನ ಮುಖದ ಹಿಂದೆ ಇನ್ನೊಂದು ಮುಖ ಎದ್ದು ಬಂತು. ಹಾಗೆ ಬರುವುದು ಆ ದಿನಗಳಲ್ಲಿ ಹೊಸದಲ್ಲ. ಆದರೆ ಹೊರಗಿನ ಮುಖಗಳೆಲ್ಲ ತಮ್ಮ ಪಾಡಿಗೆ ಎಲ್ಲೋ ನೋಡುತ್ತಿದ್ದವು, ಇದು ಅಜ್ಜಿಯನ್ನು ನೋಡುತ್ತಿತ್ತು. ಇಷ್ಟು ನೀನೂ ಕಂಡಿದ್ದೀಯ. ನೀನು ಕಣ್ಣು ಮುಚ್ಚಿಕೊಂಡದ್ದು ಆಮೇಲೆ.

ದನಿ ಬಂದದ್ದು ಬುರುಜಿನಿಂದ. ನಿನ್ನ ದನಿ ಬರುತ್ತಿದ್ದ ಜಾಗದಿಂದಲೇ. "ಅಸ್ಸಲಾಮು ಅಲೈಕುಮ್, ಎಡಚೀ" ಎಂದಿತು. ಎಡಚಿ ಎಂದರೆ ಯಾರು ಎಂದು ನನಗೆ ಗೊತ್ತಾಗಲಿಲ್ಲ. ನಮ್ಮ ಮನೆಯಲ್ಲಿ ಎಡಗೈಯವರು ಯಾರೂ ಇರಲಿಲ್ಲ. ಅಜ್ಜಿ ಬಲಗೈಯಲ್ಲಿ ಉಂಡು ಬಲಗೈಯಲ್ಲಿ ಹೊಲಿಯುತ್ತಿದ್ದವಳು, ನಾವು ಎಡಗೈ ಚಾಚಿದರೆ ರಪ್ಪೆಂದು ಹೊಡೆಯುತ್ತಿದ್ದವಳು. ಆದರೆ ಆ ಹೆಸರು ಕೇಳಿದ್ದೇ ತಡ ಅವಳು ಬತ್ತೂಲಾ ಬಿಚ್ಚಿಬಿಟ್ಟಳು. ವಾರ್ತೆಯವನ ಎದುರಿಗೆ, ಮೊದಲ ಸಲ. ಆ ದನಿ ಮತ್ತೆ ಹೇಳಿತು, "ಇನ್ನು ದಾರಿ ನೋಡ್ಬೇಡ. ನನ್ನ ಸಲಾಮಿಗೆ ಉತ್ತರ ಕೊಡು, ನಾನು ಹೋಗ್ತೀನಿ." ಅಜ್ಜಿ ತಕ್ಷಣ ಕೊಡಲಿಲ್ಲ. ಯಾರ ಸಲಾಮಿಗೂ ತಡಮಾಡದವಳು ಗೋಡೆಯ ಆ ಬಾಯಿಯನ್ನು ನೋಡುತ್ತಾ ಕೂತಳು. ಅಲ್ಲಿಂದ ಚಾಪೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ನಾನು ಆಮೇಲೆ ಬೆರಳು ಒದ್ದೆ ಮಾಡಿ ನಾಲಿಗೆಗೆ ಇಟ್ಟು ನೋಡಿದೆ, ಉಪ್ಪುಪ್ಪಾಗಿತ್ತು. ಇದನ್ನು ನಿನಗೆ ಹೇಳಿರಲಿಲ್ಲ. ನೀನು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆ ಎಂದರೆ ನಿನ್ನ ಉಗುರಿನ ಕಲೆ ಇನ್ನೂ ನನ್ನ ಮಣಿಕಟ್ಟಿನಲ್ಲಿದೆ. ಬಹಳ ಹೊತ್ತಾದ ಮೇಲೆ ಅಜ್ಜಿ ಮೆಲ್ಲಗೆ ಉತ್ತರ ಕೊಟ್ಟಳು. ನಿನ್ನ ಮೇಲೂ ಶಾಂತಿಯಿರಲಿ ಗಾನಿಮ್, ಹೋಗಿ ಬಾ ಎಂದಳು. ಬುರುಜಿನಿಂದ ತಣ್ಣಗೆ ಒಂದು ಗಾಳಿ ಇಳಿಯಿತು. ಪೆಟ್ಟಿಗೆಯ ದನಿ ಮರಳಿ ಬಂತು, ವಾರ್ತೆಯವನು ಯಾವುದೋ ಊರಿನ ಗೋಧಿಯ ಬೆಳೆಯ ಸುದ್ದಿ ಓದುತ್ತಿದ್ದ.

ಅಜ್ಜಿ ಎದ್ದು ಕೈಯ ಬಂಗಾರ ಬಿಚ್ಚಿ ಅಮ್ಮನಿಗೆ ಕೊಟ್ಟಳು. ನಿನ್ನ ಮಾವ ಹೋದರು, ನಾನು ಇದ್ದತ್ತು ಕೂರುತ್ತೇನೆ ಎಂದಳು. ಯಾರು ಹೇಳಿದರು ಎಂದು ಅಮ್ಮ ಗಾಬರಿಯಾದಳು. ಅವರೇ ಹೇಳಿದರು ಎಂದಳು ಅಜ್ಜಿ. ನಾಲ್ಕು ತಿಂಗಳು ಹತ್ತು ದಿನ ಪರಗಂಡಸಿನ ಕಣ್ಣಿಗೆ ಬೀಳಬಾರದಲ್ಲ, ಹಾಗಾಗಿ ಟಿವಿಯ ಮುಖವನ್ನು ಗೋಡೆಗೆ ತಿರುಗಿಸಿ ಮೇಲೆ ಹಳೆಯ ಚಾದರ ಹೊದಿಸಿದರು. ಓಣಿಯ ಮಕ್ಕಳು ಬಾಗಿಲಿಗೆ ಬಂದು ಅತ್ತು ಹೋದರು. ಇದ್ದತ್ತಿನಲ್ಲಿ ಕೂತು ಅವಳು ಆ ಬಿಳಿ ಉದ್ದಂಗಿಯ ಹೊಲಿಗೆಯನ್ನು ಬಿಚ್ಚಿ ನಿನಗೂ ಅಪ್ಪನಿಗೂ ಅಂಗಿ ಹೊಲಿದಳು. ಎಡಗೈಯಲ್ಲಿ ಹೊಲಿದಳು, ಅಣ್ಣಾ. ನೀರು ಹರಿದ ಹಾಗೆ ಓಡುತ್ತಿತ್ತು ಆ ಕೈ. ಚಿಕ್ಕವಳಿದ್ದಾಗ ಬರೆ ಹಾಕಿ ಬಿಡಿಸಿದ್ದರಂತೆ. ಗಂಡನ ಮುಂದೆ ಒಬ್ಬಳೇ ಇದ್ದಾಗ ಮಾತ್ರ ಎಡಗೈ ಬಳಸುತ್ತಿದ್ದಳಂತೆ, ಅದಕ್ಕೆ ಅವನು ಹಾಗೆ ಕರೆಯುತ್ತಿದ್ದನಂತೆ. ಇದನ್ನು ಅವಳು ಅಪ್ಪನಿಗೂ ಹೇಳಿರಲಿಲ್ಲ. ಹೀಗಿರುವಾಗ ಆ ಹೆಸರು ನಿನಗೆ ತಿಳಿದಿರಲು ಸಾಧ್ಯವಿರಲಿಲ್ಲ. ಅವತ್ತು ಮಾತಾಡಿದ್ದು ನೀನು ಕಟ್ಟಿದ ಸುಳ್ಳಲ್ಲ. ನಿನ್ನ ಸುಳ್ಳಿನ ದಾರಿ ಹಿಡಿದು ನಿಜವೇ ಇಳಿದು ಬಂತು ಎಂದು ನಾನು ತಿಳಿದಿದ್ದೇನೆ. ನೀನು ಮಾತ್ರ ಆಮೇಲೆ ಮಾಳಿಗೆ ಹತ್ತಲಿಲ್ಲ, ಯಾರನ್ನೂ ಗೋಳುಹೊಯ್ದುಕೊಳ್ಳಲಿಲ್ಲ. ಮೀಸೆ ಬರುವ ಮೊದಲೇ ವೈರ್‌ಲೆಸ್ ಕಲಿಯಲು ಓಡಿದೆ. ಸಮುದ್ರದ ಮೇಲೆ ಕೂತು ಹಗಲಿಡೀ ದೂರದ ದನಿ ಕೇಳುವ ಕೆಲಸವನ್ನೇ ಯಾಕೆ ಹಿಡಿದೆ ಎಂದು ಅಮ್ಮನಿಗೆ ಇಂದಿಗೂ ಅರ್ಥವಾಗಿಲ್ಲ. ನನಗೆ ಆಗಿದೆ.

ಇನ್ನೊಂದು ಮಾತು. ಅಜ್ಜಿ ಹಾಸಿಗೆ ಹಿಡಿದ ಕಾಲದಲ್ಲಿ ನಾನು ಅವಳ ತಲೆಗೆ ಎಣ್ಣೆ ಹಚ್ಚುತ್ತಾ ಧೈರ್ಯ ಮಾಡಿ ಕೇಳಿದೆ, ಅವತ್ತು ನೀನು ಉತ್ತರ ಕೊಡದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು. ಅವಳು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದಳು. "ಏನಾಗೋದು? ಅವರು ಅಲ್ಲೇ ನಿಂತಿರ್ತಿದ್ರು, ನಾನು ಇಲ್ಲೇ ಕೂತಿರ್ತಿದ್ದೆ. ಉತ್ತರ ಕೊಟ್ಟರೇನೇ ಹೋದವರು ಹೋಗೋದು ಕಣೇ" ಎಂದಳು. ಆಗ ನನಗೆ ಅದು ಸಮಾಧಾನದ ಮಾತಾಗಿ ಕೇಳಿಸಿತ್ತು.

ಅಜ್ಜಿ ತೀರಿಕೊಂಡ ಮೇಲೆ ಅಪ್ಪ ಆ ಕೋಣೆಗೆ ಏಸಿ ಹಾಕಿಸಿದ, ಬುರುಜಿನ ಬಾಯಿಗೆ ಇಟ್ಟಿಗೆ ಕಟ್ಟಿಸಿ ಗಾರೆ ಬಳಿಸಿದ. ಮೇಲಿನ ಕಂಡಿಗಳಿಗೂ ಹಲಗೆ ಹೊಡೆಸಿದ. ನೀನು ತಿರುಗಿಸುತ್ತಿದ್ದ ಕಂಬವನ್ನು ತೆಗೆದದ್ದೂ ಆಗಲೇ. ಈಗ ಆ ಮಾಳಿಗೆಯ ಮೇಲೆ ನೂರಾ ಬಟ್ಟೆ ಒಣಗಿಸುತ್ತಾಳೆ, ಅಷ್ಟೇ. ಆ ಗೋಡೆ ನೋಡಿದರೆ ಅಲ್ಲಿ ಒಂದು ಬಾಯಿ ಇತ್ತು ಎಂದು ಹೊಸಬರಿಗೆ ಗೊತ್ತಾಗುವುದಿಲ್ಲ.

ಯೂಸುಫ್ ಬಾಗಿಲಲ್ಲಿ ನಿಂತು ಕೀಲಿಗೊಂಚಲು ಆಡಿಸುತ್ತಿದ್ದಾನೆ, ವಿಮಾನಕ್ಕೆ ಹೊತ್ತಾಯಿತಂತೆ. ಅವನ ಕೈಯಲ್ಲಿ ಒಂದು ಡಬ್ಬಿ ಹಲ್ವಾ, ಅಮ್ಮ ತಾನೇ ಬಿಡಿಸಿ ಒಣಗಿಸಿದ ನಿಂಬೆಕಾಯಿ ಕಳಿಸಿದ್ದೇನೆ. ಅಮ್ಮ ಐದು ಹೊತ್ತೂ ನಿನ್ನ ಹೆಸರು ಹಿಡಿದೇ ದೇವರ ಮುಂದೆ ಕೈ ಚಾಚುತ್ತಾಳೆ. ಈಸಾನ ಸಲಾಮು, ನೂರಾಳ ಮುತ್ತು. ಒಳ್ಳೆಯ ಗಾಳಿ, ಒಳ್ಳೆಯ ನೀರು ನಿನ್ನ ಹಡಗಿಗೆ ಸಿಗಲಿ.

ನಿನ್ನ ಜಗಳಗಂಟಿ ತಂಗಿ,
ಸಬೀಕಾ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ, ಈಗ ಬರೆಯುತ್ತೇನೆ. ಹೋದ ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಅಜ್ಜಿಯ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಎಲ್ಲರೂ ಮಲಗಿದ್ದರು, ಟಿವಿ ಆರಿತ್ತು. ಧೂಳಿಗೆ ಒಂದು ಸಲ ಕೆಮ್ಮಿದೆ. ಇಟ್ಟಿಗೆ ಕಟ್ಟಿದ ಆ ಗೋಡೆಯ ಒಳಗಿನಿಂದ "ಸಬೀಕಾ, ಬಂತಾ?" ಎಂದು ಕೇಳಿಸಿತು. ನಿನ್ನ ದನಿ, ಹುಡುಗನದ್ದಲ್ಲ, ಈಗಿನದ್ದು. ನಾನು ಉಸಿರು ಬಿಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸಲಾಮು ಹೇಳಿತು. ಗಾರೆ ಒದ್ದೆಯಾಗಿತ್ತು, ರುಚಿ ನೋಡುವ ಧೈರ್ಯ ನನಗಿಲ್ಲ. ಮುಸುಕಿನ ಅಂಚನ್ನು ಬಾಯಿಗೆ ತುರುಕಿಕೊಂಡು ಹೊರಗೆ ಬಂದೆ, ಉತ್ತರ ಕೊಡಲಿಲ್ಲ. ಇನ್ನೂ ಕೊಟ್ಟಿಲ್ಲ ಅಣ್ಣಾ, ಕೊಡುವುದೂ ಇಲ್ಲ. ಅದು ನಾನಲ್ಲ ಕಣೇ ಪೆದ್ದಿ ಎಂದು ಒಂದೇ ಒಂದು ಸಾಲು ಬರೆ, ಆ ಗೋಡೆಯ ಮುಂದೆ ನಿಂತು ಮನಸಾರೆ ಕೆಮ್ಮುತ್ತೇನೆ. ಬೇಗ ಬರೆ. ಈಗ ಈಸಾ ಒಳಗೆ ಅಮ್ಮನ ಮಂಚ ಎಳೆಯುವ ಸದ್ದು ಕೇಳಿಸುತ್ತಿದೆ, ನಾನು ಬೇಡ ಎಂದರೂ ಕೇಳಲಿಲ್ಲ. ಇವತ್ತಿನಿಂದ ಅಮ್ಮ ಆ ಕೋಣೆಯಲ್ಲೇ ಮಲಗುತ್ತಾಳೆ. ನಿನ್ನ ಸಲಾಮು ಕೇಳಿಸಿದರೆ ಅವಳು ಸಂತೋಷದಿಂದ ಉತ್ತರ ಕೊಟ್ಟುಬಿಡುತ್ತಾಳೆ.